ಮೊದಲು ತೆರೆಯಬೇಕಾದ ಪುಟ

ವೈದ್ಯಕೀಯ ಓದಿನ ಮೊದಲ ವರ್ಷದಲ್ಲಿ ಕೈ, ಕಾಲು, ಎದೆ, ಹೊಟ್ಟೆ, ಕುತ್ತಿಗೆ ಎಲ್ಲ ಮುಗಿದ ಮೇಲೆ ಕೊನೆಗೆ ಬರುವುದು ಮೆದುಳು. ಅಷ್ಟು ಹೊತ್ತಿಗೆ ಪರೀಕ್ಷೆ ಹತ್ತಿರವಾಗಿರುತ್ತದೆ, ಮನೆಯಿಂದ ತಂದ ದುಡ್ಡು ಕರಗಿರುತ್ತದೆ, ಇನ್ನೊಂದು ದಪ್ಪ ಪುಸ್ತಕ ಕೊಳ್ಳುವ ಉತ್ಸಾಹ ಯಾರಲ್ಲೂ ಉಳಿದಿರುವುದಿಲ್ಲ. ಸೀನಿಯರ್ ಹೇಳಿದ ಪುಸ್ತಕ, ಅದೂ ಸಿಗದಿದ್ದರೆ ಯಾರೋ ಬರೆದಿಟ್ಟ ನೋಟ್ಸಿನ ಜೆರಾಕ್ಸ್, ಇಷ್ಟರಲ್ಲೇ ನ್ಯೂರೋಅನಾಟಮಿ ಮುಗಿದುಹೋಗುತ್ತದೆ. ಹೊಸೂರಿನಲ್ಲಿ ಕ್ಲಿನಿಕ್ ಇಟ್ಟಾಗಿನಿಂದ ನಾನು ಇದನ್ನು ನೋಡುತ್ತಲೇ ಬಂದಿದ್ದೇನೆ. ನನಗಿದು ದೊಡ್ಡ ನಷ್ಟವಾಗಿ ಕಾಣುತ್ತದೆ. ಅನಾಟಮಿಯ ಉಳಿದ ಭಾಗಗಳನ್ನು ಆಮೇಲೆ ಆಪರೇಷನ್ ಥಿಯೇಟರಿನಲ್ಲಿ ಕಣ್ಣಾರೆ ಕಂಡು ತಿದ್ದಿಕೊಳ್ಳಬಹುದು. ಮೆದುಳಿನ ಒಳದಾರಿಗಳು ಹಾಗೆ ಕಾಣಸಿಗುವುದಿಲ್ಲ. ಅವನ್ನು ಪುಸ್ತಕದಲ್ಲೇ ಕಂಡುಕೊಳ್ಳಬೇಕು. ಅಲ್ಲಿ ಕಾಣದವರಿಗೆ ಮುಂದೆ ರೋಗಿಯಲ್ಲೂ ಕಾಣುವುದಿಲ್ಲ.

ನಾನು ನನ್ನ ನ್ಯೂರೋಅನಾಟಮಿ ಪುಸ್ತಕವನ್ನು ಆರಿಸಿಕೊಂಡದ್ದು ನಮ್ಮ ತಾತನಿಂದಾಗಿ.

ನಮ್ಮದು ತಳಿ ಕಡೆಯ ಹಳ್ಳಿ. ಈಗ ಅದು ಕೃಷ್ಣಗಿರಿ ಜಿಲ್ಲೆ. ಆಗ, ಅಂದರೆ 2004ಕ್ಕೆ ಮೊದಲು, ಧರ್ಮಪುರಿ ಜಿಲ್ಲೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ತಾಲ್ಲೂಕು ಕಚೇರಿಯಲ್ಲಿ ತಮಿಳು. ಹತ್ತನೇ ಕ್ಲಾಸಿನವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪ್ಲಸ್ ಟೂಗೆ ಹೊಸೂರಿಗೆ ಬಂದಾಗ ಪಾಠವೆಲ್ಲ ಇಂಗ್ಲಿಷಿಗೆ ತಿರುಗಿತು. 1990ರಲ್ಲಿ ಸೇಲಂನಲ್ಲಿ ಎಂಬಿಬಿಎಸ್ ಸೀಟು ಸಿಕ್ಕಿತು. ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು 1986ರಲ್ಲಿ ಶುರುವಾದದ್ದು. ಹೊಸೂರಿನಿಂದ ಬಸ್ಸು ಹತ್ತಿದರೆ ಶೂಳಗಿರಿ, ಕೃಷ್ಣಗಿರಿ, ಧರ್ಮಪುರಿ, ತೊಪ್ಪೂರು ಘಾಟಿ ದಾಟಿ ಸೇಲಂ. ಅಪ್ಪ ನನ್ನನ್ನು ಹಾಸ್ಟೆಲಿಗೆ ಬಿಡಲು ಬಂದಾಗ ಜೊತೆಗೆ ತಾತನೂ ಬಂದಿದ್ದರು. ಬಿಳಿ ಪಂಚೆ ಉಟ್ಟು ಕಾಲೇಜಿನ ಗೇಟಿನ ಮುಂದೆ ನಿಂತು, ಬೋರ್ಡಿನ ಮೇಲಿದ್ದ ತಮಿಳನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ್ದರು.

ಮರುವರ್ಷ ದೀಪಾವಳಿ ಕಳೆದ ಮೇಲೆ, ರಾಗಿ ಕೊಯ್ಲಿನ ಸಮಯದಲ್ಲಿ, ತಾತನಿಗೆ ಲಕ್ವ ಹೊಡೆಯಿತು. ಹೊಲದ ಬದುವಿನ ಮೇಲೆ ಕುಸಿದು ಕೂತವರು ಬಲಗೈ ಎತ್ತಲಾರದಾದರು. ಬಾಯಿ ಎಡಕ್ಕೆ ವಾಲಿತ್ತು. ಮಾತು ಪೂರ್ತಿ ನಿಂತುಹೋಗಿತ್ತು. ಡೆಂಕಣಿಕೋಟೆಯಲ್ಲಿ ತೋರಿಸಿದರೆ ನಿಮ್ಹಾನ್ಸಿಗೆ ಬರೆದುಕೊಟ್ಟರು. ನಮ್ಮ ಭಾಗದವರಿಗೆ ನರದ ಕಾಯಿಲೆ ಅಂದರೆ ಅಂದಿಗೂ ಇಂದಿಗೂ ನಿಮ್ಹಾನ್ಸೇ. ಅತ್ತಿಬೆಲೆ ದಾಟಿ ಹೊಸೂರು ರಸ್ತೆಯಲ್ಲೇ ನೇರ ಹೋದರೆ ಬೆಂಗಳೂರಿನ ಒಳಗೆ, ಅದೇ ರಸ್ತೆಯ ಮೇಲೆ, ಆ ಆಸ್ಪತ್ರೆ ಇದೆ. ಹಳೆಯ ಮೆಂಟಲ್ ಆಸ್ಪತ್ರೆಯನ್ನೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಸೇರಿಸಿ 1974ರಲ್ಲಿ ನಿಮ್ಹಾನ್ಸ್ ಮಾಡಿದ್ದು. ಹಿರಿಯರು ಆಗಲೂ ಅದನ್ನು ದೊಡ್ಡಾಸ್ಪತ್ರೆ ಅಂತಲೇ ಕರೆಯುತ್ತಿದ್ದರು.

ಸೇಲಂನಿಂದ ನಾನು ನೇರವಾಗಿ ಅಲ್ಲಿಗೇ ಹೋದೆ. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರಲ್ಲದ ಒಬ್ಬ ಡಾಕ್ಟರು ತಾತನ ಮಂಚದ ಪಕ್ಕ ನಿಂತು ಪರೀಕ್ಷೆ ಮಾಡುತ್ತಿದ್ದರು. "ಅಜ್ಜಾ, ಮೇಲೆ ನೋಡಿ, ಸೂರು ನೋಡಿ" ಅಂದರು. ತಾತ ಕಣ್ಣೆತ್ತಿದರು. ಹಣೆಯ ಎರಡೂ ಬದಿಯಲ್ಲಿ ನೆರಿಗೆ ಸರಿಸಮನಾಗಿ ಎದ್ದಿತು. ಆಮೇಲೆ ಹಲ್ಲು ತೋರಿಸಲು ಹೇಳಿದಾಗ ಬಾಯಿಯ ಎಡಬದಿ ಮಾತ್ರ ಸರಿಯಿತು. ಕಾಲು ಎತ್ತಿಸಿದರು, ತುಸು ಎತ್ತಿದರು. ಕೈ ಏಳಲೇ ಇಲ್ಲ. ಡಾಕ್ಟರು ಪಕ್ಕದಲ್ಲಿದ್ದವರಿಗೆ, ಎಡಗಡೆಯ ಮೆದುಳು, ಹೊರಮೈಗೆ ಹತ್ತಿರ, ಮಿಡಲ್ ಸೆರೆಬ್ರಲ್ ರಕ್ತನಾಳದ ಮೇಲಿನ ಕವಲು ಅಂದರು. ಸ್ಕ್ಯಾನ್ ಆದದ್ದು ಆಮೇಲೆ. ಅವರು ಹೇಳಿದ ಜಾಗವೇ ಅದರಲ್ಲಿ ಕಂಡಿತು.

ಒಂದು ಹಣೆಯ ನೆರಿಗೆ, ಒಂದು ಬಾಯಿ, ಒಂದು ಕೈ, ಒಂದು ಕಾಲು, ಇಷ್ಟು ನೋಡಿ ತಲೆಬುರುಡೆಯ ಒಳಗಿನ ಜಾಗವನ್ನು ಬೆರಳಿಟ್ಟು ತೋರಿಸಿದ ಆ ವಿದ್ಯೆ ನನ್ನ ಮನಸ್ಸಿನಿಂದ ಹೋಗಲೇ ಇಲ್ಲ. ಸೇಲಂಗೆ ವಾಪಸಾಗುವ ಬಸ್ಸಿನಲ್ಲಿ ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಮುಖದ ಕೆಳಗಿನರ್ಧ ಸೋತು ಹಣೆ ಉಳಿದದ್ದೇಕೆ? ಕೈ ಪೂರ್ತಿ ಹೋಗಿ ಕಾಲು ಅಷ್ಟಾಗಿ ಹೋಗದಿರುವುದೇಕೆ? ಮಾತು ನಿಂತರೂ ಹೇಳಿದ್ದು ಅರ್ಥವಾಗುತ್ತಿರುವುದು ಹೇಗೆ? ಕಾಲೇಜಿನಲ್ಲಿ ಆಗಷ್ಟೇ ಮೆದುಳಿನ ಪಾಠ ಶುರುವಾಗುವುದರಲ್ಲಿತ್ತು. ಈ ಪ್ರಶ್ನೆಗಳನ್ನು ಹಿಡಿದುಕೊಂಡೇ ನಾನು ಲೈಬ್ರರಿಗೆ ಹೋದದ್ದು.

ಆಗ ನಮಗೆ ಕೈಗೆ ಸಿಗುತ್ತಿದ್ದ ಪುಸ್ತಕಗಳು ಇವು: ಗ್ರೇಸ್ ಅನಾಟಮಿ, ಕನಿಂಗ್‌ಹ್ಯಾಮ್‌ನ ಪ್ರಾಕ್ಟಿಕಲ್ ಅನಾಟಮಿಯ ಮೂರನೇ ಸಂಪುಟ, ಚೌರಾಸಿಯಾರ ಮೂರನೇ ಸಂಪುಟ, ಇಂದರ್‌ಬೀರ್ ಸಿಂಗ್‌ರ ನ್ಯೂರೋಅನಾಟಮಿ, ರಿಚರ್ಡ್ ಸ್ನೆಲ್‌ರ ಕ್ಲಿನಿಕಲ್ ನ್ಯೂರೋಅನಾಟಮಿ. ಲೈಬ್ರರಿಯ ಉದ್ದನೆಯ ಮೇಜಿನ ಮೇಲೆ ಐದನ್ನೂ ಸಾಲಾಗಿ ಇಟ್ಟುಕೊಂಡು, ಎಲ್ಲದರಲ್ಲೂ ಒಂದೇ ವಿಷಯ ತೆರೆದೆ. ಇಂಟರ್ನಲ್ ಕ್ಯಾಪ್ಸೂಲ್. ಇವತ್ತಿಗೂ ನಾನು ವೈದ್ಯಕೀಯ ಓದುವ ಮಕ್ಕಳಿಗೆ ಹೇಳಿಕೊಡುವ ಉಪಾಯ ಇದೇ.

ಆ ಪುಟವೇ ಏಕೆಂದರೆ, ಮೆದುಳಿನ ಹೊರಪದರದ ವಿಶಾಲ ಪ್ರದೇಶದಿಂದ ಇಳಿಯುವ, ಅಲ್ಲಿಗೆ ಏರುವ ನರತಂತುಗಳೆಲ್ಲ ಒಂದು ಕಡೆ ಥಲಮಸ್ ಮತ್ತು ಕಾಡೇಟ್, ಇನ್ನೊಂದು ಕಡೆ ಲೆಂಟಿಫಾರ್ಮ್ ನ್ಯೂಕ್ಲಿಯಸ್, ಇವುಗಳ ನಡುವಿನ ಕಿರಿದಾದ ಸಂದಿಯಲ್ಲಿ ಹಾಯುತ್ತವೆ. ಹೊಸೂರು, ಬಾಗಲೂರು, ಡೆಂಕಣಿಕೋಟೆ ಕಡೆಯ ಗಾಡಿಗಳೆಲ್ಲ ಬೆಂಗಳೂರಿಗೆ ಹೋಗಲು ಅತ್ತಿಬೆಲೆ ಚೆಕ್‌ಪೋಸ್ಟಿನಲ್ಲಿ ಒತ್ತೊತ್ತಾಗಿ ನುಗ್ಗುವ ಹಾಗೆ. ಅಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡರೆ ಮುಖ, ಕೈ, ಕಾಲು ಮೂರೂ ಸಮಸಮವಾಗಿ ಸೋಲುತ್ತವೆ. ಮಾತು ಸಾಮಾನ್ಯವಾಗಿ ಉಳಿಯುತ್ತದೆ, ಬರೀ ತೊದಲುತ್ತದೆ. ಮೇಲೆ ಹೊರಪದರದಲ್ಲಿ ಹಾಗಲ್ಲ. ಮುಖಕ್ಕೂ ಕೈಗೂ ಸೇರಿದ ಜಾಗ ಮೆದುಳಿನ ಪಕ್ಕದ ಮೈಮೇಲೆ ಅಗಲವಾಗಿ ಹರಡಿದೆ, ಕಾಲಿನ ಜಾಗ ಒಳಮೈಗೆ ತಿರುಗಿದೆ, ಅದಕ್ಕೆ ರಕ್ತ ಒದಗಿಸುವ ನಾಳವೇ ಬೇರೆ. ಎಡಬದಿಯಲ್ಲಿ ಮಾತಿನ ಜಾಗ ಮುಖದ ಜಾಗಕ್ಕೆ ಅಂಟಿಕೊಂಡಿದೆ. ನಮ್ಮ ತಾತನ ಕೈಗೂ ಕಾಲಿಗೂ ಇದ್ದ ವ್ಯತ್ಯಾಸ, ನಿಂತುಹೋದ ಮಾತು, ಎರಡಕ್ಕೂ ಉತ್ತರ ಇಲ್ಲಿದೆ. ಹಣೆಯ ಉತ್ತರ ಇನ್ನೂ ಕೆಳಗಿದೆ: ಮುಖದ ನರದ ನ್ಯೂಕ್ಲಿಯಸ್ಸಿನಲ್ಲಿ ಹಣೆಗೆ ಸೇರಿದ ಭಾಗಕ್ಕೆ ಮೆದುಳಿನ ಎರಡೂ ಬದಿಯಿಂದ ಆಜ್ಞೆ ಬರುತ್ತದೆ, ಬಾಯಿಗೆ ಸೇರಿದ ಭಾಗಕ್ಕೆ ಮುಖ್ಯವಾಗಿ ಎದುರು ಬದಿಯಿಂದ. ಹಾಗಾಗಿ ಒಂದು ಬದಿಯ ಮೆದುಳು ಹೋದರೂ ಹಣೆ ಉಳಿಯುತ್ತದೆ. ಹಣೆಯೂ ಸೋತಿದ್ದರೆ ತೊಂದರೆ ನರದಲ್ಲೋ ಅದರ ನ್ಯೂಕ್ಲಿಯಸ್ಸಿನಲ್ಲೋ ಇದೆ ಅಂತ ತಿಳಿಯಬೇಕು.

ಇಷ್ಟನ್ನು ನಾನು ಈಗ ಹತ್ತು ಸಾಲಿನಲ್ಲಿ ಬರೆದೆ. ಆಗ ಇದು ಐದು ಪುಸ್ತಕಗಳಲ್ಲಿ ಚೂರುಚೂರಾಗಿ ಹರಡಿತ್ತು.

ಗ್ರೇಸ್ ಅನಾಟಮಿಯಲ್ಲಿ ಎಲ್ಲವೂ ಇತ್ತು. ಎಲ್ಲಿಂದ ಹಿಡಿಯಬೇಕೆಂದು ಹೊಸಬರಿಗೆ ತಿಳಿಯುತ್ತಿರಲಿಲ್ಲ. ಆ ಪುಸ್ತಕದ ಕಥೆ ಮಾತ್ರ ನನಗೆ ಬಹಳ ಇಷ್ಟ. 1858ರಲ್ಲಿ ಅದು ಲಂಡನ್ನಿನಲ್ಲಿ ಹೊರಬಂದಾಗ ಬರೆದವರು ಹೆನ್ರಿ ಗ್ರೇ, ಚಿತ್ರ ಬಿಡಿಸಿದವರು ಹೆನ್ರಿ ವ್ಯಾಂಡೈಕ್ ಕಾರ್ಟರ್. ಗ್ರೇ ಮೂರೇ ವರ್ಷದಲ್ಲಿ ಸಿಡುಬಿನಿಂದ ತೀರಿಕೊಂಡರು, ಮೂವತ್ತನಾಲ್ಕರ ವಯಸ್ಸಿಗೆ. ಕಾರ್ಟರ್ ಪುಸ್ತಕ ಹೊರಬಂದ ವರ್ಷವೇ ಹಡಗು ಹತ್ತಿ ಮುಂಬಯಿಗೆ ಬಂದು ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿದರು, ಬರಿಗಾಲಿನ ರೈತರಿಗೆ ಬರುವ ಮಧುರಾ ಪಾದವೆಂಬ ಕಾಯಿಲೆಯ ಬಗ್ಗೆ ಸಂಶೋಧನೆ ಮಾಡಿದರು. ಹೆಸರು ಗ್ರೇಯದಾಗಿ ಉಳಿಯಿತು. ಆದರೆ ಪುಸ್ತಕ ಗೆದ್ದದ್ದರಲ್ಲಿ ಕಾರ್ಟರ್‌ರ ಚಿತ್ರಗಳ ಪಾಲು ದೊಡ್ಡದು. ಅಂಗದ ಹೆಸರನ್ನು ಬದಿಯಲ್ಲಿ ಪಟ್ಟಿ ಮಾಡದೆ ಅಂಗದ ಮೇಲೆಯೇ ಬರೆಯುತ್ತಿದ್ದರು, ಓದುವವರ ಕಣ್ಣು ಅಲೆಯುತ್ತಿರಲಿಲ್ಲ.

ಕನಿಂಗ್‌ಹ್ಯಾಮ್ ಡಿಸೆಕ್ಷನ್ ಹಾಲಿನ ಪುಸ್ತಕ. ಫಾರ್ಮಲಿನ್ನಿನಿಂದ ತೆಗೆದ ಮೆದುಳು ಟ್ರೇಯಲ್ಲಿರುವಾಗ, ಈ ಪೊರೆ ಬಿಡಿಸು, ಈ ಬಿರುಕನ್ನು ಅಗಲಿಸು, ಒಳಗೆ ಇನ್ಸುಲಾ ಕಾಣುತ್ತದೆ ನೋಡು ಎಂದು ಹೆಜ್ಜೆಹೆಜ್ಜೆಗೂ ಜೊತೆಗಿರುತ್ತಿತ್ತು. ಹಾಸ್ಟೆಲಿನ ಕೋಣೆಯಲ್ಲಿ ಮೆದುಳಿಲ್ಲದೆ ಅದನ್ನು ಓದಿದರೆ ಪ್ರಯೋಜನವಿರಲಿಲ್ಲ. ಅದರ ಇಂಗ್ಲಿಷೂ ಉದ್ದುದ್ದ. ಕನ್ನಡ ಶಾಲೆಯಿಂದ ಬಂದ ನನಗೆ ವಾಕ್ಯ ಮುಗಿಯುವ ಹೊತ್ತಿಗೆ ಕರ್ತೃ ಎಲ್ಲೋ ಹಿಂದೆ ಬಿದ್ದಿರುತ್ತಿತ್ತು.

ಚೌರಾಸಿಯಾ ಗ್ವಾಲಿಯರಿನ ಗಜರಾ ರಾಜಾ ಮೆಡಿಕಲ್ ಕಾಲೇಜಿನ ಮೇಷ್ಟರು. ಅವರ ಪುಸ್ತಕದ ಮೊದಲ ಮುದ್ರಣ 1979ರದು; 1985ರಲ್ಲಿ ಐವತ್ತೂ ತುಂಬದೆ ಹೋಗಿಬಿಟ್ಟರು. ನನ್ನಂಥ ಸಾವಿರಾರು ಮಕ್ಕಳಿಗೆ ಅವರು ಮಾಡಿದ ಉಪಕಾರ ಸಣ್ಣದಲ್ಲ. ಸಣ್ಣ ವಾಕ್ಯ, ಅಂಕಿ ಹಾಕಿದ ಅಂಶಗಳು, ಪೆನ್ಸಿಲ್ ಹಿಡಿದ ಯಾರು ಬೇಕಾದರೂ ಬಿಡಿಸಬಹುದಾದ ಚಿತ್ರಗಳು. ಮಾಧ್ಯಮ ಬದಲಾದ ಮಕ್ಕಳು ವೈದ್ಯಕೀಯ ಕಾಲೇಜಿನಲ್ಲಿ ಮೊದಲ ಬಾರಿಗೆ ಉಸಿರು ಬಿಟ್ಟದ್ದು ಆ ಪುಸ್ತಕದ ಮುಂದೆ. ಮೆದುಳಿನ ವಿಷಯಕ್ಕೆ ಬಂದರೆ ಮಾತ್ರ ಅದೊಂದೇ ಸಾಲದು ಅನ್ನುವುದು ನನ್ನ ಅಭಿಪ್ರಾಯ. ತೊಡೆಯ ಸ್ನಾಯುವಿನ ಹುಟ್ಟು, ಕೊನೆ, ಕೆಲಸ ಇವನ್ನು ಅಂಶಗಳಾಗಿ ಕಲಿಯಬಹುದು. ಹೊರಪದರದಿಂದ ಬೆನ್ನುಹುರಿಯ ತುದಿಯವರೆಗೆ ಇಳಿಯುವ ದಾರಿಯನ್ನು ಅಂಶ ಮಾಡಿ ತುಂಡರಿಸಿದರೆ ದಾರಿಯೇ ಉಳಿಯುವುದಿಲ್ಲ.

ರೋಹ್ತಕ್‌ನಲ್ಲಿ ಪಾಠ ಹೇಳುತ್ತಿದ್ದ ಇಂದರ್‌ಬೀರ್ ಸಿಂಗ್‌ರ ಪುಸ್ತಕ ನನಗೆ ಹಿಡಿಸಿದ್ದು ಆ ದಾರಿಗಳಿಗಾಗಿ. ಒಂದೊಂದು ನರಮಾರ್ಗಕ್ಕೂ ಬೇರೆ ಬೇರೆ ಚಿತ್ರ. ಎಲ್ಲಿ ಹುಟ್ಟಿತು, ಎಲ್ಲಿ ಎದುರು ಬದಿಗೆ ದಾಟಿತು, ಎಲ್ಲಿ ಮುಗಿಯಿತು. ದಾಟುವ ಜಾಗವೇ ಈ ವಿಷಯದ ಜೀವಾಳ. ಚಲನೆಯ ಆಜ್ಞೆ ಹೊತ್ತ ತಂತುಗಳಲ್ಲಿ ಬಹುಪಾಲು ಮೆಡುಲ್ಲಾದ ಕೆಳತುದಿಯಲ್ಲಿ ದಾಟುತ್ತವೆ. ಅಂಗ ಯಾವ ಭಂಗಿಯಲ್ಲಿದೆ ಅನ್ನುವ ಅರಿವೂ ಅಲ್ಲೇ ಹತ್ತಿರದಲ್ಲಿ ದಾಟುತ್ತದೆ. ನೋವು ಮತ್ತು ಬಿಸಿ-ತಂಪಿನ ಅರಿವು ಹಾಗಲ್ಲ. ಬೆನ್ನುಹುರಿಯೊಳಗೆ ಬಂದ ಕೂಡಲೇ ಒಂದೆರಡು ಹಂತದಲ್ಲಿ ಎದುರು ಬದಿಗೆ ಹೋಗಿಬಿಡುತ್ತದೆ. ಬೆನ್ನುಹುರಿಯ ಅರ್ಧಭಾಗಕ್ಕೆ ಏಟು ಬಿದ್ದವರಿಗೆ ಅದೇ ಬದಿಯ ಕಾಲು ಸೋತು, ಎದುರು ಬದಿಯ ಕಾಲಿಗೆ ಸೂಜಿ ಚುಚ್ಚಿದ್ದು ತಿಳಿಯದಿರುವುದು ಇದರಿಂದಲೇ. ಈ ದಾಟುವ ಜಾಗಗಳನ್ನು ಒಂದೇ ಹಾಳೆಯ ಮೇಲೆ ಮೂರು ಬಣ್ಣದಲ್ಲಿ ಬಿಡಿಸಿ ಗೋಡೆಗೆ ಅಂಟಿಸಿಕೊಂಡಿದ್ದೆ.

ಸ್ನೆಲ್ ಅಮೆರಿಕದಲ್ಲಿ 1980ರಲ್ಲಿ ಮೊದಲು ಬಂದ ಪುಸ್ತಕ. ಅದರಲ್ಲಿ ಅಂಗರಚನೆಯ ಪಾಠ ಮುಗಿಯುತ್ತಿದ್ದಂತೆ ರೋಗಿ ಬಂದು ನಿಲ್ಲುತ್ತಿದ್ದ: ಇಂಥ ವಯಸ್ಸಿನವನಿಗೆ ಇಂಥ ತೊಂದರೆ, ಗಾಯ ಎಲ್ಲಿದೆ ಹೇಳು. ನಿಮ್ಹಾನ್ಸಿನಲ್ಲಿ ಕಂಡ ಆ ಡಾಕ್ಟರು ನಡೆದ ಹಾದಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಅದರಲ್ಲಿ. ಲೈಬ್ರರಿಯ ಆ ಪ್ರತಿಯನ್ನು ಮತ್ತೆ ಮತ್ತೆ ತಂದೆ. ಕೊನೆಗೆ ಅಪ್ಪ ರಾಗಿ ಮಾರಿದ ದುಡ್ಡಿನಲ್ಲಿ ಇಂದರ್‌ಬೀರ್ ಸಿಂಗ್ ಕೊಂಡುಕೊಂಡೆ, ಸ್ನೆಲ್‌ನ ಅಧ್ಯಾಯಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಆ ಜೋಡಿ ನನಗೆ ಸಾಕಾಯಿತು.

ಜನವರಿಯಲ್ಲಿ ಪೊಂಗಲ್ ರಜೆಗೆ ಊರಿಗೆ ಬಂದೆ. ಮಧ್ಯೆ ಡಿಸೆಂಬರಿನಲ್ಲಿ ಕಾವೇರಿ ಗಲಾಟೆ ಎದ್ದು ಬೆಂಗಳೂರಿಗೂ ಹೊಸೂರಿಗೂ ಬಸ್ಸು ನಿಂತಿದ್ದರಿಂದ ತಾತನನ್ನು ಮತ್ತೆ ತೋರಿಸಿಕೊಂಡು ಬರುವುದು ತಡವಾಗಿತ್ತು. ಅವರು ಪಡಸಾಲೆಯ ಕಂಬಕ್ಕೆ ಒರಗಿ ಕೂತಿರುತ್ತಿದ್ದರು. ಕಾಲಿಗೆ ಸ್ವಲ್ಪ ಶಕ್ತಿ ಬಂದಿತ್ತು. ಮಾತಿರಲಿಲ್ಲ. ಬಂದವರು ಅವರ ಎದುರೇ, ಅವರು ಅಲ್ಲಿಲ್ಲವೇನೋ ಅನ್ನುವಂತೆ, ಹೊಲದ ಪಾಲಿನ ಮಾತು, ಇನ್ನೆಷ್ಟು ದಿನವೋ ಅನ್ನುವ ಮಾತು ಆಡುತ್ತಿದ್ದರು. ಅಜ್ಜಿ ಊಟ ತಿನ್ನಿಸುತ್ತಿದ್ದರು, ಮಾತಾಡಿಸುತ್ತಿರಲಿಲ್ಲ.

"ಏನೂ ತಿಳಿಯಲ್ಲ ಮಗಾ ಅವರಿಗೆ. ಕೂಸಿನ ತರ ಆಗ್ಬಿಟ್ಟವ್ರೆ" ಅಂದರು ಅಜ್ಜಿ.

"ಇಲ್ಲ ಅಜ್ಜಿ, ಎಲ್ಲ ತಿಳೀತದೆ. ಹೇಳೋಕೆ ಬರಲ್ಲ ಅಷ್ಟೆ. ಕೇಳಿ ಅರ್ಥ ಮಾಡ್ಕೊಳ್ಳೋ ಜಾಗ ಬೇರೆ, ಮಾತು ಆಡಿಸೋ ಜಾಗ ಬೇರೆ. ತಾತಂಗೆ ಆಡಿಸೋ ಜಾಗ ಹೋಗಿದೆ" ಅಂದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೆದುಳಿನ ಪಕ್ಕದ ಚಿತ್ರ ಬಿಡಿಸಿ ತೋರಿಸಿದೆ. ಮುಂದಿನ ಜಾಗ, ಹಿಂದಿನ ಜಾಗ, ನಡುವೆ ದೊಡ್ಡ ಬಿರುಕು. ಅಜ್ಜಿ ಚಿತ್ರವನ್ನೂ ತಾತನ ಮುಖವನ್ನೂ ನೋಡಿದರು. ತಾತ ಎಡಗೈಯಿಂದ ನೆಲ ತಟ್ಟಿದರು, ಹೌದು ಅನ್ನುವ ಹಾಗೆ.

ಅಜ್ಜಿ ಅವತ್ತಿನಿಂದ ಮಾತಾಡಿಸತೊಡಗಿದರು. ಹಸು ಕರು ಹಾಕಿದ್ದು, ಅವರೆಗೆ ಹುಳ ಬಿದ್ದದ್ದು, ಯಾರ ಮನೆಯಲ್ಲಿ ಮದುವೆ, ಎಲ್ಲವನ್ನೂ. ಪಾಲಿನ ಮಾತು ಎತ್ತಿದವರನ್ನು ಹೊರಗೆ ಕರೆದುಕೊಂಡು ಹೋಗುತ್ತಿದ್ದರು. ತಾತ ಆಮೇಲೆ ನಾಲ್ಕು ವರ್ಷ ಬದುಕಿದರು, ಕೆಲವು ಮಾತುಗಳು ಮರಳಿ ಬಂದವು. ನಾನು ಎಂಬಿಬಿಎಸ್ ಮುಗಿಸಿದ್ದನ್ನು ಅವರು ನೋಡಿದರು.

ಒಂದು ಪುಟ ಓದಿ ಅದನ್ನು ನಮ್ಮಜ್ಜಿಗೆ ತಿಳಿಯುವ ಹಾಗೆ ಹೇಳಲು ನನಗೆ ಸಾಧ್ಯವಾಯಿತು, ಆ ಕಾರಣಕ್ಕೇ ಆ ಪುಟವಿದ್ದ ಪುಸ್ತಕ ನನ್ನ ಪಾಲಿಗೆ ಒಳ್ಳೆಯದು. ಪುಸ್ತಕ ಕೊಳ್ಳುವ ಮುಂಚೆ ಅಂಗಡಿಯಲ್ಲೋ ಲೈಬ್ರರಿಯಲ್ಲೋ ಒಂದು ವಿಷಯ ಪೂರ್ತಿ ಓದಿ, ಮುಚ್ಚಿಟ್ಟು, ಮನೆಮಾತಿನಲ್ಲಿ ಗಟ್ಟಿಯಾಗಿ ಹೇಳಿ ನೋಡಬೇಕು. ಹೇಳುವಾಗ ನಡುವೆ ತಡವರಿಸಿದರೆ ಆ ಪುಸ್ತಕ ಎಲ್ಲೋ ಒಂದು ಹೆಜ್ಜೆ ಬಿಟ್ಟಿದೆ ಅಂತ ಅರ್ಥ. ನನ್ನ ರೂಮ್‌ಮೇಟ್ ತಮಿಳಿನಲ್ಲಿ ಹೇಳುತ್ತಿದ್ದಳು, ನಾನು ಕನ್ನಡದಲ್ಲಿ. ಇಬ್ಬರೂ ಒಬ್ಬರದ್ದನ್ನೊಬ್ಬರು ತಿದ್ದುತ್ತಿದ್ದೆವು.

ಇನ್ನು ಚಿತ್ರ. ನಮಗೆ ಮೆದುಳಿನ ಪಾಠ ಮಾಡಿದ ಮೇಡಂ ಪುಸ್ತಕ ತೆರೆದು ಪಾಠ ಮಾಡಿದವರಲ್ಲ. ಮೆಡುಲ್ಲಾ, ಪಾನ್ಸ್, ಮಿಡ್‌ಬ್ರೈನ್‌ಗಳ ಅಡ್ಡಸೀಳನ್ನು ಬೋರ್ಡಿನ ಮೇಲೆ ಬರಿಗೈಯಲ್ಲಿ ಬಿಡಿಸಿ, ನಾವು ಬಿಡಿಸುವ ತನಕ ಕಾಯುತ್ತಿದ್ದರು. ನಾವು ನೋಡಿ ಬಿಡಿಸಿದ್ದನ್ನು ಮರುದಿನ ನೋಡದೆ ಬಿಡಿಸಬೇಕಿತ್ತು. ಮೆದುಳಿನ ಪುಸ್ತಕಗಳ ಇತಿಹಾಸವೇ ಚಿತ್ರಗಾರರ ಇತಿಹಾಸ ಅಂತ ಅವರಿಂದಲೇ ತಿಳಿದದ್ದು. 1664ರಲ್ಲಿ ಥಾಮಸ್ ವಿಲಿಸ್ ಮೆದುಳಿನ ಬಗ್ಗೆ ಲ್ಯಾಟಿನ್ನಿನಲ್ಲಿ ಬರೆದ ಪುಸ್ತಕಕ್ಕೆ ಚಿತ್ರ ಬಿಡಿಸಿದವರಲ್ಲಿ ಕ್ರಿಸ್ಟೋಫರ್ ರೆನ್ ಒಬ್ಬರು. ಆಮೇಲೆ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ಕಟ್ಟಿಸಿದ ವಾಸ್ತುಶಿಲ್ಪಿ. ಮೆದುಳಿನ ಬುಡದಲ್ಲಿ ರಕ್ತನಾಳಗಳು ಸೇರಿ ಆಗುವ ಬಳೆಗೆ ಇವತ್ತಿಗೂ ವಿಲಿಸ್‌ನ ಹೆಸರಿದೆ. ಬಣ್ಣಬಣ್ಣದ, ನೆರಳು-ಬೆಳಕಿನ ಚಿತ್ರಗಳು ನೋಡಲು ಚೆಂದ. ಆದರೆ ಕಲಿಯುವವರು ಐದು ನಿಮಿಷದಲ್ಲಿ ಬಿಡಿಸಲಾಗದ ಚಿತ್ರ ಪಠ್ಯಪುಸ್ತಕಕ್ಕೆ ಒಗ್ಗದು. ಅಂಥವು ಅಟ್ಲಾಸಿಗಿರಲಿ.

ಇಂಟರ್ನಲ್ ಕ್ಯಾಪ್ಸೂಲ್ ಆದ ಮೇಲೆ ತೆರೆಯಬೇಕಾದ ಎರಡನೆಯ ಪುಟ ಮೆಡುಲ್ಲಾದ ಅಡ್ಡಸೀಳು. ಕೆಲವು ವರ್ಷಗಳ ಹಿಂದೆ ಶೂಳಗಿರಿ ಕಡೆಯಿಂದ ಒಬ್ಬರು ಬಂದಿದ್ದರು. ತಲೆ ಸುತ್ತು, ಬಿಕ್ಕಳಿಕೆ, ನುಂಗಲು ಕಷ್ಟ, ದನಿ ಒಡೆದಿತ್ತು. ಬೇರೆ ಕಡೆ ಹೊಟ್ಟೆಗೆ ಔಷಧಿ ಕೊಟ್ಟಿದ್ದರು. ಅವರು ಮಾತಿನ ನಡುವೆ, ಸ್ನಾನ ಮಾಡುವಾಗ ಬಲಗೈಗೆ ನೀರು ಬಿಸಿ ಇದೆಯೋ ತಣ್ಣಗಿದೆಯೋ ಗೊತ್ತಾಗುತ್ತಿಲ್ಲ ಅಂದರು. ಮುಖ ಮುಟ್ಟಿ ನೋಡಿದೆ. ಎಡಕೆನ್ನೆಗೆ ಸೂಜಿಯ ಚುಚ್ಚು ತಿಳಿಯುತ್ತಿರಲಿಲ್ಲ. ಎಡಮುಖ, ಬಲಮೈ. ಹಾಗೆ ಅಡ್ಡಡ್ಡವಾಗಿ ಅರಿವು ಹೋಗುವ ಜಾಗ ಮೆಡುಲ್ಲಾದ ಪಕ್ಕದ ಭಾಗ. ವಾಲೆನ್‌ಬರ್ಗ್ ಎಂಬ ಜರ್ಮನ್ ವೈದ್ಯರು 1895ರಲ್ಲಿ ಇದನ್ನು ವಿವರಿಸಿದರು. ಮುಖದ ನೋವನ್ನು ಒಯ್ಯುವ ತಂತುಗಳು ಇನ್ನೂ ದಾಟಿರುವುದಿಲ್ಲ, ಮೈಯ ನೋವನ್ನು ಒಯ್ಯುವವು ಆಗಲೇ ದಾಟಿ ಬಂದಿರುತ್ತವೆ, ಎರಡೂ ಅಲ್ಲಿ ಅಕ್ಕಪಕ್ಕ. ನುಂಗುವ, ದನಿಯ ನ್ಯೂಕ್ಲಿಯಸ್ಸೂ ಅಲ್ಲೇ. ಮೇಡಂ ಬಿಡಿಸಿದ ಚಿತ್ರ ಕಣ್ಣ ಮುಂದೆ ಬಂತು, ಅವರನ್ನು ಅವತ್ತೇ ಬೆಂಗಳೂರಿಗೆ ಕಳಿಸಿದೆ. ಮೆಡುಲ್ಲಾದ ಚಿತ್ರದ ಪಕ್ಕದಲ್ಲೇ ಈ ಕಾಯಿಲೆಯನ್ನು ಹೇಳುವ ಪುಸ್ತಕ ಒಳ್ಳೆಯದು. ಅದನ್ನು ಪುಸ್ತಕದ ಕೊನೆಗೆ ಅನುಬಂಧಕ್ಕೆ ತಳ್ಳಿರುವ ಪುಸ್ತಕವನ್ನು ನಾನು ಯಾರಿಗೂ ಹೇಳುವುದಿಲ್ಲ.

ಹಳೆಯ ಪುಸ್ತಕ ಕೊಳ್ಳಬಹುದೇ ಅಂತ ಮಕ್ಕಳು ಕೇಳುತ್ತಾರೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಅರ್ಧ ಬೆಲೆಗೆ ಸಿಗುತ್ತವೆ. ಮೂಳೆ, ಸ್ನಾಯುವಿಗೆ ಹಳೆಯದು ಧಾರಾಳ ಸಾಕು. ಮೆದುಳಿಗೆ ಮಾತ್ರ ಎರಡು ಕಡೆ ನೋಡಿಕೊಳ್ಳಬೇಕು. ಒಂದು, ಇಂಟರ್ನಲ್ ಕ್ಯಾಪ್ಸೂಲಿನ ಹಿಂದಿನ ತೋಳಿನಲ್ಲಿ ಚಲನೆಯ ತಂತುಗಳು ಮುಂಭಾಗದಲ್ಲಿವೆ ಅಂತ ಬಹಳ ಹಳೆಯ ಪುಸ್ತಕಗಳು ಬರೆದಿದ್ದವು. ಅವು ಕೆಳಗಿಳಿಯುತ್ತ ಹಿಂದಕ್ಕೆ ಸರಿಯುತ್ತವೆ, ಹಿಂದಿನ ಅರ್ಧದಲ್ಲಿ ಹಾಯುತ್ತವೆ ಅನ್ನುವುದು ಆಮೇಲೆ ಖಚಿತವಾಯಿತು. ಇನ್ನೊಂದು ಸ್ಕ್ಯಾನ್. ನಮ್ಮ ಕಾಲದ ಪುಸ್ತಕಗಳಲ್ಲಿ ಸ್ಕ್ಯಾನ್ ಚಿತ್ರಗಳು ಅಪರೂಪ. ಈಗ ಹೊಸೂರಿನಲ್ಲೇ ಎಂಆರ್‌ಐ ಆಗುತ್ತದೆ, ಎಂಬಿಬಿಎಸ್ ಮುಗಿಸಿದವರೆಲ್ಲ ಅದನ್ನು ಬೆಳಕಿಗೆ ಹಿಡಿದು ನೋಡಲೇಬೇಕು. ಅಡ್ಡಸೀಳಿನ ಸ್ಕ್ಯಾನನ್ನು ರೋಗಿಯ ಪಾದದ ಕಡೆಯಿಂದ ನೋಡುವ ಹಾಗೆ ತೋರಿಸುವುದು ವಾಡಿಕೆ, ಹಾಗಾಗಿ ರೋಗಿಯ ಎಡ ನಮ್ಮ ಬಲಕ್ಕೆ ಬರುತ್ತದೆ. ಅಂಗರಚನೆಯ ಕೆಲವು ಪುಸ್ತಕಗಳಲ್ಲಿ ಅದೇ ಸೀಳನ್ನು ತಲೆಯ ಮೇಲಿನಿಂದ ನೋಡಿ ಬಿಡಿಸಿರುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ಎಡ-ಬಲ ಹೇಳಿಕೊಡುವ ಪುಸ್ತಕವಿದ್ದರೆ ಅದನ್ನು ಬಿಡಬಾರದು.

ಗಾತ್ರದ ಮಾತೂ ಇದೆ. ನಾವು ಓದುವಾಗ ಮೊದಲ ಹಂತಕ್ಕೆ ಒಂದೂವರೆ ವರ್ಷ ಇತ್ತು. 1997ರ ನಿಯಮದಿಂದ ಅದು ಒಂದು ವರ್ಷಕ್ಕಿಳಿಯಿತು. 2019ರಲ್ಲಿ ಪಠ್ಯಕ್ರಮ ಇನ್ನೊಮ್ಮೆ ಬದಲಾಗಿ, ಮೊದಲ ವರ್ಷದಿಂದಲೇ ಓದಿದ್ದನ್ನು ರೋಗಿಗೆ ಜೋಡಿಸಿ ಕಲಿಸಬೇಕು ಅಂತ ಆಯಿತು. ಈ ಎರಡನೆಯ ಬದಲಾವಣೆ ನನಗೆ ಸರಿಕಂಡಿದೆ. ಆದರೆ ಆರುನೂರು ಪುಟದ ಪುಸ್ತಕವನ್ನು ಒಂದು ಮಗು ಕೆಲವೇ ವಾರಗಳಲ್ಲಿ ಓದಲಾರದು. ಅರ್ಧ ಓದಿದ ದೊಡ್ಡ ಪುಸ್ತಕಕ್ಕಿಂತ ಎರಡು ಸಲ ಪೂರ್ತಿ ಓದಿದ ಚಿಕ್ಕ ಪುಸ್ತಕ ಮೇಲು.

ಕೃಷ್ಣಗಿರ‍ಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. 2022ರ ಜನವರಿಯಲ್ಲಿ ತಮಿಳುನಾಡಿನ ಹನ್ನೊಂದು ಹೊಸ ಕಾಲೇಜುಗಳಲ್ಲಿ ಒಂದಾಗಿ ಅದರ ಉದ್ಘಾಟನೆ ಆಯಿತು. ಸರ್ಕಾರಿ ಶಾಲೆಯ ಮಕ್ಕಳಿಗೆ 2020ರಿಂದ ಶೇಕಡಾ 7.5 ಮೀಸಲಾತಿ ಬಂದಿದೆ. ಬಾಗಲೂರು, ಕೆಲಮಂಗಲ, ಅಂಚೆಟ್ಟಿ ಕಡೆಯ ಮಕ್ಕಳೂ ಬಿಳಿಕೋಟು ಹಾಕುವ ಕಾಲ ಬಂದಿದೆ ಅನ್ನುವುದು ನನಗೆ ಹೇಳಲಾಗದಷ್ಟು ಸಂತೋಷ. ನನ್ನ ರೋಗಿಯೊಬ್ಬರ ಮಗಳು ಹೋದ ವರ್ಷ ಬಂದು, "ಮೇಡಂ, ಒಬ್ಬರು ವಿಶ್ರಾಮ್ ಸಿಂಗ್ ಅಂತಾರೆ, ಒಬ್ಬರು ಚೌರಾಸಿಯಾ ನಾಲ್ಕನೇ ಸಂಪುಟ ಅಂತಾರೆ, ಇನ್ನೊಬ್ಬರು ವಿಡಿಯೋ ನೋಡಿದ್ರೆ ಸಾಕು ಅಂತಾರೆ. ಯಾವುದು ತಗೊಳ್ಳಲಿ?" ಅಂತ ಕೇಳಿದಳು. ವಿಶ್ರಾಮ್ ಸಿಂಗ್, ಇಂದರ್‌ಬೀರ್ ಸಿಂಗ್, ಸ್ನೆಲ್ ಮೂರನ್ನೂ ಲೈಬ್ರರಿಯಲ್ಲಿ ತೆಗೆದು ಆ ಎರಡು ಪುಟ ಓದಿ ಬಾ ಅಂದೆ. ಓದಿ ಬಂದು ವಿಶ್ರಾಮ್ ಸಿಂಗ್ ಆರಿಸಿದಳು, ಕಾರಣವನ್ನೂ ಹೇಳಿದಳು: ಚಿತ್ರ ಬಿಡಿಸಲು ಬರುತ್ತದೆ, ರೋಗದ ಮಾತು ಆಯಾ ಜಾಗದಲ್ಲೇ ಇದೆ, ಪರೀಕ್ಷೆಗೆ ಮುಂಚೆ ಮುಗಿಯುತ್ತದೆ. ನನಗೆ ಆ ಕಾರಣಗಳು ಒಪ್ಪಿಗೆಯಾದವು. ಫೈನಲ್ ವರ್ಷಕ್ಕೆ ಬಂದಾಗ ಬ್ಲೂಮೆನ್‌ಫೆಲ್ಡ್ ಓದು ಅಂದಿದ್ದೇನೆ. ರೋಗಿಗಳ ಕಥೆಯಿಂದಲೇ ಮೆದುಳನ್ನು ಕಲಿಸುವ ಆ ದೊಡ್ಡ ಪುಸ್ತಕ 2002ರಲ್ಲಿ ಬಂತು. ಮೊದಲ ವರ್ಷದಲ್ಲಿ ಅದು ಹೊರೆ, ವಾರ್ಡಿಗೆ ಹೋಗತೊಡಗಿದ ಮೇಲೆ ಅದರಷ್ಟು ಸುಖ ಕೊಡುವುದು ಇನ್ನೊಂದಿಲ್ಲ. ವಿಡಿಯೋ, ಮೂರು ಆಯಾಮದ ಆ್ಯಪ್‌ಗಳನ್ನು ನಾನು ಬೇಡ ಅನ್ನುವುದಿಲ್ಲ. ವೆಂಟ್ರಿಕಲ್‌ಗಳ ಆಕಾರವನ್ನು ಅವು ತೋರಿಸಿದಷ್ಟು ಚೆನ್ನಾಗಿ ಯಾವ ಪುಟವೂ ತೋರಿಸದು. ನೋಡಿದ ಮೇಲೆ ಪೆನ್ಸಿಲ್ ಹಿಡಿಯದಿದ್ದರೆ ಮಾತ್ರ ಉಳಿಯುವುದಿಲ್ಲ.

ಅವಳನ್ನು ನಿಮ್ಹಾನ್ಸಿನ ಮೆದುಳು ಮ್ಯೂಸಿಯಂಗೂ ಕಳಿಸಿದೆ. ನರರೋಗ ವಿಜ್ಞಾನದ ಡಾ. ಎಸ್.ಕೆ. ಶಂಕರ್ ಅವರು ಕಟ್ಟಿ ಬೆಳೆಸಿದ ಸಂಗ್ರಹ ಅದು. ಪಾರ್ಶ್ವವಾಯು ಆದ ಮೆದುಳು, ಗೆಡ್ಡೆ ಬೆಳೆದ ಮೆದುಳು, ಲಾಡಿಹುಳುವಿನ ಗುಳ್ಳೆ ತುಂಬಿದ ಮೆದುಳು, ಎಲ್ಲವನ್ನೂ ಅಲ್ಲಿ ನೋಡಬಹುದು. ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿಯಲೂ ಕೊಡುತ್ತಾರೆ. ಹೊಸೂರಿನಿಂದ ಒಂದು ಬಸ್ಸಿನ ದೂರ. ಯಾವ ಪುಸ್ತಕ ಕೊಂಡರೂ ಅದನ್ನು ಕಂಕುಳಲ್ಲಿಟ್ಟುಕೊಂಡು ಒಮ್ಮೆ ಅಲ್ಲಿಗೆ ಹೋಗಿಬರಬೇಕು.

ನಮ್ಮ ಭಾಗದಲ್ಲಿ ಎಂಬಿಬಿಎಸ್ ಮುಗಿಸಿದವರಲ್ಲಿ ಒಂದು ಕೋರಿಕೆ. ನಿಮ್ಮ ನ್ಯೂರೋಅನಾಟಮಿ ಪುಸ್ತಕವನ್ನು ಹಳೆಪೇಪರಿನ ಜೊತೆ ತೂಕಕ್ಕೆ ಹಾಕಬೇಡಿ. ಅಂಚಿನಲ್ಲಿ ನೀವು ಬಿಡಿಸಿದ ಚಿತ್ರಗಳನ್ನು ಅಳಿಸದೆ, ತಳಿಯ, ಡೆಂಕಣಿಕೋಟೆಯ, ಕೃಷ್ಣಗಿರಿಯ ಮುಂದಿನ ಮಗುವಿಗೆ ಕೊಡಿ. ಯಾರಿಗೆ ಕೊಡುವುದೆಂದು ತಿಳಿಯದಿದ್ದರೆ ನನ್ನ ಕ್ಲಿನಿಕ್ಕಿನ ಕಪಾಟಿನಲ್ಲಿ ಜಾಗವಿದೆ.